ಹಿಮಗಡಲಿಗೆ ಹೊರಟವರು ಮೊದಲು ಕಬಿನಿಯಲ್ಲಿ ಸುಮ್ಮನೆ ಕೂತು ನೋಡಿ

ಗಾವಡಗೆರೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಿಂದ ಹಿಮದ ಸಮುದ್ರಕ್ಕೆ ಹಡಗು ಹತ್ತಲು ಹೊರಟಿರುವ ಹಿರಿಯರಿಗೆ,

ನಮ್ಮ ಕಡೆಯವರು ಮೊದಲು ಕಾಶಿಗೆ ಹೋಗುತ್ತಿದ್ದರು. ಆಮೇಲೆ ಸಿಂಗಪುರಕ್ಕೆ ಹೋದರು, ಹೆಣ್ಣುಮಕ್ಕಳ ಬಾಣಂತನಕ್ಕೆ ಅಮೆರಿಕಕ್ಕೂ ಹೋಗಿಬಂದರು. ಈಗ ಪೆಂಗ್ವಿನ್ ನೋಡುವ ಕಾಲ ಬಂದಿದೆ. ಮಕ್ಕಳು ದುಡ್ಡು ಕಟ್ಟಿ ಟಿಕೆಟ್ ಕಳಿಸುತ್ತಾರೆ, ಅಪ್ಪ ಅಮ್ಮ ಗೂಗಲ್‌ನಲ್ಲಿ ಹಿಮಗಡ್ಡೆ ನೋಡಿ ಹೆದರುತ್ತಾರೆ. ಹಾಗೆ ಹೆದರಿದವರೆಲ್ಲ ನನ್ನನ್ನು ಕೇಳಲು ಬರುತ್ತಾರೆ. ಮಗಳು ಅಳಿಯನ ಜೊತೆ ನಾನು ಹೋಗಿಬಂದ ಸುದ್ದಿ ಊರಿಗೆಲ್ಲ ಗೊತ್ತು. ಮದುವೆಮನೆ, ಹಾಲಿನ ಡೇರಿ, ಬಸ್‌ಸ್ಟ್ಯಾಂಡು, ಎಲ್ಲಿ ಸಿಕ್ಕರೂ ಅವೇ ಪ್ರಶ್ನೆಗಳು. ಚಳಿ ಎಷ್ಟು? ಅನ್ನ ಸಿಗುತ್ತಾ? ವಾಂತಿ ಆಗುತ್ತಾ? ಪೆಂಗ್ವಿನ್‌ಗೆ ಎಷ್ಟು ಹತ್ತಿರ ಹೋಗಬಹುದು? ಒಬ್ಬೊಬ್ಬರಿಗೂ ಹೇಳಿ ಸಾಕಾಗಿ, ಎಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ದನದ ಡಾಕ್ಟರಾಗಿದ್ದವನು. ಹಾಗಾಗಿ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದಕ್ಕೆ ಉತ್ತರ ಗೊತ್ತಾದರೆ ಚಳಿಯ ಬಟ್ಟೆ, ದುರ್ಬೀನು, ಹಡಗಿನ ಆಯ್ಕೆ ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಅಂಟಾರ್ಕ್ಟಿಕದ ನಿಯಮ ಸರಳ. ಪೆಂಗ್ವಿನ್‌ನಿಂದ ಕನಿಷ್ಠ 5 ಮೀಟರ್ ದೂರ ಇರಬೇಕು. ತುಪ್ಪಳದ ಸೀಲ್‌ಗಳಿಂದ 15 ಮೀಟರ್. ಒಂದು ದಡದಲ್ಲಿ ಒಂದು ಹೊತ್ತಿಗೆ ನೂರಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ. ಐನೂರಕ್ಕಿಂತ ಹೆಚ್ಚು ಜನರನ್ನು ಹೊತ್ತ ಹಡಗು ಯಾರನ್ನೂ ಇಳಿಸುವಂತೆಯೇ ಇಲ್ಲ. ಅಲ್ಲಿಗೆ ಹಡಗು ಓಡಿಸುವ ಕಂಪನಿಗಳು 1991ರಲ್ಲಿ ಸಂಘ ಕಟ್ಟಿಕೊಂಡು ಇಂಥ ಕಟ್ಟುಪಾಡುಗಳನ್ನು ಪಾಲಿಸುತ್ತಿವೆ. ಅದೇ ವರ್ಷ ಹಲವು ದೇಶಗಳು ಸೇರಿ ಮ್ಯಾಡ್ರಿಡ್‌ನಲ್ಲಿ ಆ ಖಂಡದ ಪರಿಸರ ಕಾಯುವ ಒಪ್ಪಂದಕ್ಕೆ ಸಹಿ ಹಾಕಿದವು. ನಮ್ಮ ದೇಶವೂ 2022ರಲ್ಲಿ ತನ್ನದೇ ಅಂಟಾರ್ಕ್ಟಿಕ ಕಾಯ್ದೆ ಮಾಡಿಕೊಂಡಿದೆ.

ಆದರೆ 5 ಮೀಟರ್ ಎನ್ನುವುದು ಟೇಪು ಹಿಡಿದು ಅಳೆಯುವ ಲೆಕ್ಕ. ನಿಜವಾದ ಅಳತೆ ಪ್ರಾಣಿಯ ಮೈಯಲ್ಲಿರುತ್ತದೆ. ಮೊಟ್ಟೆಯ ಮೇಲೆ ಕೂತ ಪೆಂಗ್ವಿನ್ ಕೊಕ್ಕು ಕೆಳಗಿಟ್ಟು ತೂಕಡಿಸುತ್ತಿದ್ದರೆ ನೀವು ಸರಿಯಾದ ಜಾಗದಲ್ಲಿದ್ದೀರಿ ಎಂದರ್ಥ. ತಲೆ ಎತ್ತಿ ಒಂದೊಂದೇ ಕಣ್ಣಿನಿಂದ ನಿಮ್ಮನ್ನು ನೋಡಲು ಶುರುಮಾಡಿತೋ, ಅಲ್ಲೇ ನಿಲ್ಲಿ. ರೆಕ್ಕೆ ಬಡಿದರೆ, ಎದ್ದು ನಿಂತರೆ, ಹಿಂದೆ ಸರಿಯಿರಿ. ಅದು ಎದ್ದ ಆ ಅರೆಗಳಿಗೆಗೇ ಕಾಯುತ್ತಾ ಸ್ಕುವಾ ಎನ್ನುವ ಕಂದು ಹಕ್ಕಿ ಪಕ್ಕದ ಬಂಡೆಯ ಮೇಲೆ ಕೂತಿರುತ್ತದೆ. ಎದ್ದದ್ದೇ ತಡ, ಮೊಟ್ಟೆ ಅದರ ಬಾಯಲ್ಲಿ. ನಿಮ್ಮ ಒಂದು ಫೋಟೊಗೆ ಆ ವರ್ಷದ ಒಂದು ಮರಿ ಹೋಯಿತು.

ಇನ್ನೊಂದು ವಿಷಯ. ಗೂಡಿಗೂ ಸಮುದ್ರಕ್ಕೂ ಓಡಾಡಿ ಓಡಾಡಿ ಪೆಂಗ್ವಿನ್‌ಗಳು ಹಿಮದಲ್ಲಿ ಕಾಲುದಾರಿ ಮಾಡಿಕೊಂಡಿರುತ್ತವೆ. ಆ ದಾರಿಯನ್ನು ನೀವು ದಾಟುತ್ತಿರುವಾಗ ಒಂದು ಎದುರಾದರೆ ನಿಲ್ಲಬೇಕಾದವರು ನೀವು. ಅದು ಹೊಟ್ಟೆ ತುಂಬ ಸಿಗಡಿಯಂಥ ಕ್ರಿಲ್ ತುಂಬಿಕೊಂಡು ಮರಿಗೆ ಉಣಿಸಲು ಹೊರಟಿದೆ. ಸುಮ್ಮನೆ ನಿಂತರೆ ಅದಾಗಿಯೇ ಹತ್ತಿರ ಬಂದು, ನಿಮ್ಮ ಬೂಟನ್ನು ಮೂಸುವಂತೆ ಬಗ್ಗಿ ನೋಡಿ, ಏನೂ ಸ್ವಾರಸ್ಯವಿಲ್ಲವೆಂದು ಮುಂದೆ ಹೋಗುತ್ತದೆ. ಪ್ರಾಣಿಯೇ ಬಂದರೆ ಅದು ತಪ್ಪಲ್ಲ. ಕೈ ಮಾತ್ರ ಚಾಚಬೇಡಿ.

ಈಗ ಕಬಿನಿ ಹಿನ್ನೀರಿನ ಮಾತು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ನನ್ನ ಉತ್ತರ: ನೀರಿನ ಮೇಲೆ ಕೂತು ಕಾಡುಪ್ರಾಣಿ ನೋಡುವುದನ್ನು ಕಲಿಯಲು ನಮ್ಮ ಮನೆಬಾಗಿಲಲ್ಲೇ ಇಂಥ ಜಾಗ ಇರುವಾಗ, ಅದನ್ನು ಕಲಿಯದೆ ಲಕ್ಷಗಟ್ಟಲೆ ಸುರಿದು ಭೂಮಿಯ ತುದಿಗೆ ಹೋಗುವುದು ದಂಡ. 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಕಾಕನಕೋಟೆಯ ಕಡೆಯ ಕಾಡು ನೀರಿನಡಿ ಹೋಯಿತು. ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಸೀಮೆ ಅದು. ಅಂದು ಮುಳುಗಿದ ಮರಗಳ ಬೊಡ್ಡೆಗಳು ಈಗಲೂ ಹಿನ್ನೀರಿನಲ್ಲಿ ನಿಂತಿವೆ, ಅವುಗಳ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಯಲಾದ ಕೆಸರಿನ ಮೇಲೆ ಹಸಿ ಹುಲ್ಲು ಚಿಗುರುತ್ತದೆ. ಅದನ್ನು ಹುಡುಕಿಕೊಂಡು ನಾಗರಹೊಳೆಯಿಂದ, ಬಂಡೀಪುರದಿಂದ, ವಯನಾಡಿನಿಂದ ಆನೆಗಳು ಇಳಿದು ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗ ಬೇರೆ ಹೆಚ್ಚಿಲ್ಲ.

ಕಾರಾಪುರದ ಕಡೆಯಿಂದ ದೋಣಿ ಹೊರಡುತ್ತದೆ. ಹಿಂಡು ಕಂಡ ಮೇಲೆ ದೋಣಿಯವನು ಎಂಜಿನ್ ಆಫ್ ಮಾಡುತ್ತಾನೆ. ಆ ನಿಶ್ಶಬ್ದದಲ್ಲಿ ಮೊದಲು ಕೇಳುವುದು ಆನೆಯ ಸದ್ದಲ್ಲ, ಚಿಪ್ಸ್ ಪ್ಯಾಕೆಟ್ ಹರಿಯುವ ಸದ್ದು. ಆಮೇಲೆ "ಏ, ಅಲ್ನೋಡೋ, ಮರಿ!" ಆಮೇಲೆ ಯಾರದೋ ಫೋನಿನಲ್ಲಿ ಸಿನಿಮಾ ಹಾಡು. ದಡದಲ್ಲಿ ಹಿರಿಯ ಹೆಣ್ಣಾನೆ ಸೊಂಡಿಲು ಎತ್ತಿ ಗಾಳಿ ಮೂಸುತ್ತದೆ, ಕಿವಿ ಅಗಲಿಸುತ್ತದೆ, ಉಳಿದವು ಮರಿಯನ್ನು ನಡುವೆ ಸೇರಿಸಿಕೊಳ್ಳುತ್ತವೆ. ಇನ್ನೂ ಹತ್ತಿರ ಹೋಗು ಎಂದು ದೋಣಿಯವನ ಮೇಲೆ ಒತ್ತಡ ಹಾಕಿದರೆ ಹಿಂಡು ನೀರು ಕುಡಿಯದೆ ಕಾಡಿಗೆ ತಿರುಗುತ್ತದೆ, ಅದೂ ಏಪ್ರಿಲ್ ಬಿಸಿಲಿನಲ್ಲಿ. ದೋಣಿಯವರು ಪಾಪ, ಒತ್ತಾಯಕ್ಕೆ ಸಿಕ್ಕಿಬೀಳುತ್ತಾರೆ. ಬೈಯಬೇಕಾದದ್ದು ನಮ್ಮನ್ನು.

ನೀವು ಹೋಗಬೇಕಾದದ್ದು ಮಾತ್ರ ಬೇಸಿಗೆಯಲ್ಲಲ್ಲ. ಡಿಸೆಂಬರ್ ಅಥವಾ ಜನವರಿಯ ಬೆಳಗಿನ ದೋಣಿ ಹಿಡಿಯಿರಿ. ಮಂಜು ನೀರಿನ ಮೇಲೆಯೇ ಮಲಗಿರುತ್ತದೆ, ತೆರೆದ ದೋಣಿಯ ವೇಗಕ್ಕೆ ಗಾಳಿ ಮುಖಕ್ಕೆ ಕುಯ್ಯುತ್ತದೆ. ಟೀಶರ್ಟಿನಲ್ಲಿ ಬಂದವರು ಕೈ ಉಜ್ಜುತ್ತಾರೆ, ಕಾಲು ಕುಣಿಸುತ್ತಾರೆ, ಎದ್ದು ಕೂರುತ್ತಾರೆ, ಕೊನೆಗೆ ವಾಪಸ್ ಹೋಗೋಣ ಎನ್ನುತ್ತಾರೆ. ದಡದಲ್ಲಿ ನೀರುನಾಯಿ ಕುಟುಂಬವೊಂದು ಮೀನು ಕಚ್ಚಿಕೊಂಡು ಹೊರಬರುವ ಹೊತ್ತಿಗೆ ಇವರ ಪೇಚಾಟಕ್ಕೆ ಅದು ಮತ್ತೆ ನೀರಿಗೆ. ಚಳಿಯ ಬಟ್ಟೆಯ ಉಪಯೋಗ ಇಲ್ಲೇ ಅರ್ಥವಾಗುವುದು. ನಾವು ಬೆಚ್ಚಗಿರುವುದು ನಮ್ಮ ಸುಖಕ್ಕೆ ಮಾತ್ರವಲ್ಲ, ಅಲುಗಾಡದೆ ಕೂರುವುದಕ್ಕೆ. ನಾವು ಅಲುಗಾಡದಿದ್ದರೆ ಪ್ರಾಣಿ ತನ್ನ ಕೆಲಸ ಬಿಡುವುದಿಲ್ಲ. ಅಂಟಾರ್ಕ್ಟಿಕಕ್ಕೆ ಬೇಕಾದ ವಿದ್ಯೆಯಲ್ಲಿ ಮುಕ್ಕಾಲು ಇಷ್ಟೇ.

ಹೊರಡುವ ಮುಂಚೆ ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಳ್ಳಿ. 2025ರ ನವೆಂಬರ್‌ನಲ್ಲಿ ಸರಗೂರು ಸೀಮೆಯಲ್ಲಿ ರೈತರು ಹುಲಿ ಬಾಯಿಗೆ ಸಿಕ್ಕ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿತ್ತು. ನಾವು ದುಡ್ಡು ಕೊಟ್ಟು ನೋಡಲು ಹೋಗುವ ಪ್ರಾಣಿಯ ಜೊತೆ ದುಡ್ಡಿಲ್ಲದೆ ಬದುಕುವವರು ಕಾಡಂಚಿನಲ್ಲಿದ್ದಾರೆ. ಅದು ಬೇರೆಯೇ ಒಂದು ಪತ್ರದ ವಿಷಯ.

ಬಟ್ಟೆಗೆ ಬರೋಣ. ಅಂಟಾರ್ಕ್ಟಿಕ ಎಂದಕೂಡಲೇ ಮೈನಸ್ ನಲವತ್ತು ಎಂದುಕೊಳ್ಳಬೇಡಿ. ಪ್ರವಾಸಿ ಹಡಗುಗಳು ಹೋಗುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ, ಅಲ್ಲಿಯ ಬೇಸಿಗೆಯಲ್ಲಿ, ದಕ್ಷಿಣ ಅಮೆರಿಕದ ಕಡೆಗೆ ಚಾಚಿದ ಪರ್ಯಾಯ ದ್ವೀಪಕ್ಕೆ. ಅಲ್ಲಿ ಚಳಿ ಸೊನ್ನೆ ಡಿಗ್ರಿಯ ಆಸುಪಾಸು ಇರುತ್ತದೆ. ಶತ್ರುಗಳು ಗಾಳಿ ಮತ್ತು ಒದ್ದೆ. ಹತ್ತಿಯ ಬನಿಯನ್ ಬೇಡ, ಅದು ಬೆವರು ಹೀರಿಕೊಂಡು ಮೈಗೆ ತಣ್ಣಗೆ ಅಂಟುತ್ತದೆ. ಮೈಗೆ ತಾಗುವುದು ಉಣ್ಣೆಯ ತೆಳು ಬಟ್ಟೆ ಅಥವಾ ಥರ್ಮಲ್, ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್, ಹೊರಗೆ ನೀರೂ ಗಾಳಿಯೂ ನುಗ್ಗದ ಜಾಕೆಟ್ಟು. ಹೊರ ಜಾಕೆಟ್ಟನ್ನು ಅನೇಕ ಹಡಗಿನವರು ಅವರೇ ಕೊಡುತ್ತಾರೆ, ಮೊಣಕಾಲೆತ್ತರದ ರಬ್ಬರ್ ಬೂಟನ್ನು ಬಳಸಿ ವಾಪಸ್ ಕೊಡಲು ಕೊಡುತ್ತಾರೆ. ಕೇಳಿ ತಿಳಿದುಕೊಂಡು ಆಮೇಲೆ ಅಂಗಡಿಗೆ ಹೋಗಿ. ನೀರು ನುಗ್ಗದ ಪ್ಯಾಂಟು ಮಾತ್ರ ಸಾಮಾನ್ಯವಾಗಿ ನಿಮ್ಮದೇ ಇರಬೇಕು, ಅದಿಲ್ಲದೆ ಹಡಗಿನಿಂದ ದಡಕ್ಕೆ ಒಯ್ಯುವ ರಬ್ಬರ್ ದೋಣಿಯಲ್ಲಿ ಕೂತರೆ ತೊಡೆ ನೆನೆದು ಆ ದಿನ ಮುಗಿಯಿತು. ಕಾಲುಚೀಲ ಎರಡು ಹಾಕಿಕೊಳ್ಳುವುದಾದರೆ ಬೂಟು ಬಿಗಿಯಾಗದಂತೆ ನೋಡಿಕೊಳ್ಳಿ. ಬಿಗಿಯಾದರೆ ರಕ್ತ ಓಡುವುದಿಲ್ಲ, ಎಷ್ಟು ಉಣ್ಣೆ ಸುತ್ತಿದರೂ ಬೆರಳು ಮರಗಟ್ಟುತ್ತದೆ. ತೆಳು ಕೈಗವಸು ಒಳಗೆ, ದಪ್ಪದ್ದು ಹೊರಗೆ. ತಲೆಗೆ ನಮ್ಮ ಮಂಕಿ ಕ್ಯಾಪಿಗಿಂತ ಒಳ್ಳೆಯದನ್ನು ನಾನಿನ್ನೂ ಕಂಡಿಲ್ಲ, ಮಕ್ಕಳು ನಕ್ಕರೂ ಬಿಡಬೇಡಿ.

ಉಣ್ಣೆ ಬಟ್ಟೆಗೆ ಬೆಂಗಳೂರಿನ ಮಾಲ್‌ಗೆ ಓಡುವ ಮೊದಲು ಬೈಲಕುಪ್ಪೆಗೋ ನಮ್ಮ ಗುರುಪುರದ ಟಿಬೆಟನ್ ಕ್ಯಾಂಪಿಗೋ ಹೋಗಿ. ಚಳಿಗಾಲ ಬಂತೆಂದರೆ ಊರೂರಿಗೆ ಸ್ವೆಟರ್ ಮಾರಲು ಹೋಗುವ ಜನ ಅವರು. 1960ರ ದಶಕದ ಆರಂಭದಲ್ಲಿ ಹಿಮದ ನಾಡಿನಿಂದ ಬಂದು ಪಿರಿಯಾಪಟ್ಟಣದ ಕಾಡು ಕಡಿದು ಮುಸುಕಿನ ಜೋಳ ಬೆಳೆದವರು. ಅಂಥ ಒಬ್ಬ ಅಜ್ಜಿ ನನ್ನ ಜಾಕೆಟ್ಟಿನ ತೋಳನ್ನು ಹಿಂಡಿ ನೋಡಿ, ಮಣಿಕಟ್ಟಿನ ಹತ್ತಿರ ಗಾಳಿ ಹೋಗುತ್ತದೆ, ಪಟ್ಟಿ ಹೊಲಿಸು ಎಂದಳು. ಹೊಲಿಸಿದೆ. ದೋಣಿಯಲ್ಲಿ ಬೇರೆಯವರು ತೋಳೊಳಗೆ ಕೈ ಎಳೆದುಕೊಳ್ಳುವಾಗ ನನ್ನ ಕೈ ಹೊರಗಿತ್ತು.

ವಾಂತಿಯ ಬಗ್ಗೆ ಸುಳ್ಳು ಹೇಳುವುದಿಲ್ಲ. ಅರ್ಜೆಂಟೀನಾದ ಉಶುವಾಯ ಬಂದರಿನಿಂದ ಹೊರಟ ಹಡಗು ಡ್ರೇಕ್ ಜಲಸಂಧಿ ದಾಟಬೇಕು, ಹೆಚ್ಚುಕಡಿಮೆ ಎರಡು ದಿನ. ಆ ಅಕ್ಷಾಂಶದಲ್ಲಿ ಭೂಮಿಯ ಸುತ್ತ ಎಲ್ಲೂ ನೆಲ ಅಡ್ಡ ಬರುವುದಿಲ್ಲ. ಹಾಗಾಗಿ ಗಾಳಿಗೂ ಅಲೆಗೂ ತಡೆಯೆಂಬುದಿಲ್ಲ. ಅದೃಷ್ಟವಿದ್ದರೆ ಕೆರೆಯಂತೆ ಇರುತ್ತದೆ, ಇಲ್ಲದಿದ್ದರೆ ಮಂಚದಿಂದ ಉರುಳುತ್ತೀರಿ. ಮಾತ್ರೆಯನ್ನು ಹೊಟ್ಟೆ ತೊಳಸುವ ಮೊದಲೇ ತೆಗೆದುಕೊಳ್ಳಬೇಕು, ಆಮೇಲೆ ನುಂಗಿದರೆ ಮಾತ್ರೆಯೂ ಹೊರಗೆ. ಆದರೆ ವಾಂತಿ ತಡೆಯುವ ಕೆಲವು ಮಾತ್ರೆ, ಪಟ್ಟಿಗಳು ಗ್ಲಾಕೋಮ ಇರುವವರಿಗೂ ಪ್ರಾಸ್ಟೇಟ್ ತೊಂದರೆಯ ಗಂಡಸರಿಗೂ ಆಗಿಬರುವುದಿಲ್ಲ. ನಾನು ಹಸುವಿಗೆ ಚೀಟಿ ಬರೆದವನು, ನಿಮಗಲ್ಲ. ನಿಮ್ಮ ಡಾಕ್ಟರನ್ನು ಕೇಳಿ. ಕ್ಯಾಬಿನ್ ಆರಿಸುವಾಗ ಕೆಳಗಿನ ಅಂತಸ್ತಿನ ನಡುಮಧ್ಯದ್ದು ಕೇಳಿ, ಕುಲುಕು ಕಮ್ಮಿ. ಎದ್ದು ಓಡಾಡುವಾಗ ಒಂದು ಕೈ ಯಾವಾಗಲೂ ಹಡಗಿನ ಕಂಬಿಯ ಮೇಲಿರಲಿ. ಬಾಗಿಲ ಸಂದಿಗೆ ಬೆರಳಿಡಬೇಡಿ.

ಊಟಕ್ಕೆ ಅಷ್ಟು ಚಿಂತೆ ಬೇಡ. ಸಸ್ಯಾಹಾರ ಎಂದು ಮುಂಚೆಯೇ ಬರೆಸಿದರೆ ಮಾಡಿಕೊಡುತ್ತಾರೆ. ಆದರೆ ದಡಕ್ಕೆ ಒಂದು ಕಡಲೆಕಾಯಿ ಬೀಜವೂ ಇಳಿಯುವಂತಿಲ್ಲ. ಅಲ್ಲಿ ಶೌಚಕ್ಕೂ ಅವಕಾಶವಿಲ್ಲ. ಬಿಪಿಗೆ ನೀರಿನ ಮಾತ್ರೆ ತೆಗೆದುಕೊಳ್ಳುವವರು ಅದರ ಹೊತ್ತನ್ನು ಡಾಕ್ಟರ ಬಳಿ ಮಾತಾಡಿ ಹೊಂದಿಸಿಕೊಳ್ಳಿ. ನಾಚಿಕೆಯಿಂದ ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಬರೆದೆ.

ದಡಕ್ಕೆ ಇಳಿಯುವ ಮೊದಲು ನಿಮ್ಮ ಜೇಬು, ಬ್ಯಾಗು, ಬಟ್ಟೆಗೆ ಹೊಲಿದ ವೆಲ್ಕ್ರೋ ಪಟ್ಟಿಗಳನ್ನೆಲ್ಲ ವ್ಯಾಕ್ಯೂಮ್ ಹಾಕಿ ಎಳೆಯುತ್ತಾರೆ. ಇದೇನು ಅವಮಾನ ಎಂದು ಸಿಟ್ಟಾಗಬೇಡಿ. ಹೊಲದಲ್ಲಿ ಓಡಾಡಿದ ನಮ್ಮ ಪಂಚೆಯಲ್ಲಿ ಎಷ್ಟು ಉತ್ತರಾಣಿ ಬೀಜ ಇರುತ್ತದೆಂದು ನಮಗೇ ಗೊತ್ತು. ಅಂದಕ್ಕೆಂದು ತಂದ ಲಂಟಾನ ನಾಗರಹೊಳೆ, ಬಂಡೀಪುರದ ಕಾಡಿನ ನೆಲವನ್ನೆಲ್ಲ ನುಂಗಿ ಆನೆ, ಜಿಂಕೆಗೆ ಹುಲ್ಲಿಲ್ಲದಂತೆ ಮಾಡಿದ್ದನ್ನು ನೋಡಿದವರಿಗೆ ಒಂದು ಬೀಜದ ಬೆಲೆ ಬೇರೆ ಹೇಳಬೇಕಿಲ್ಲ. ಆಮೇಲೆ ಬೂಟನ್ನು ಔಷಧಿ ನೀರಿನಲ್ಲಿ ಅದ್ದಿ ಬ್ರಷ್ಷಿನಿಂದ ಉಜ್ಜುತ್ತಾರೆ, ಹೋಗುವಾಗಲೂ ಬರುವಾಗಲೂ. ಕೋಳಿ ಫಾರಂ ಬಾಗಿಲಲ್ಲಿ ನಾವು ಕಾಲು ಅದ್ದುತ್ತಿದ್ದದ್ದೇ ಅದು.

ಕಾರಣವೂ ಅದೇ. ಹಕ್ಕಿಜ್ವರದಿಂದ 2017ರ ಜನವರಿಯಲ್ಲಿ ಮೈಸೂರು ಮೃಗಾಲಯ ತಿಂಗಳ ಕಾಲ ಮುಚ್ಚಿದ್ದು ನಿಮಗೆ ನೆನಪಿರಬಹುದು. ಅದೇ ಜಾತಿಯ ರೋಗದ ಇನ್ನೊಂದು ತಳಿ 2023ರ ಅಕ್ಟೋಬರ್‌ನಲ್ಲಿ ದಕ್ಷಿಣ ಜಾರ್ಜಿಯ ದ್ವೀಪಗಳನ್ನು ಮುಟ್ಟಿತು, 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕದ ನೆಲದ ಮೇಲೆ ಸತ್ತ ಸ್ಕುವಾಗಳಲ್ಲಿ ಖಚಿತವಾಯಿತು. ಈ ರೋಗದ ಭಯಕ್ಕೆ ದಡದಲ್ಲಿ ಕೂರುವಂತಿಲ್ಲ, ಮಂಡಿ ಊರುವಂತಿಲ್ಲ, ಬ್ಯಾಗನ್ನು ನೆಲಕ್ಕಿಡುವಂತಿಲ್ಲ. ನೆಲಕ್ಕೆ ತಾಗುವುದು ಬೂಟಿನ ಅಡಿ ಮಾತ್ರ. ಮಂಡಿನೋವಿನವರು ಊರುಗೋಲಿನ ಬಗ್ಗೆ ಮೊದಲೇ ಕೇಳಿಟ್ಟುಕೊಳ್ಳಿ, ಅದನ್ನೂ ತೊಳೆಯುತ್ತಾರೆ.

ರಬ್ಬರ್ ದೋಣಿಗೆ ಜೋಡಿಯಾಕ್ ಎನ್ನುತ್ತಾರೆ. ಹತ್ತುವಾಗ ಅಂಗೈಗೆ ಅಂಗೈ ಕೊಡಬೇಡಿ, ಮುಂಗೈಗೆ ಮುಂಗೈ ಹಿಡಿದುಕೊಳ್ಳಿ, ಜಾರುವುದಿಲ್ಲ. ಒಮ್ಮೆ ಕೂತ ಮೇಲೆ ಹೇಳುವವರೆಗೂ ಏಳಬೇಡಿ. ಗೂನುಬೆನ್ನಿನ ತಿಮಿಂಗಿಲವೊಂದು ನಮ್ಮ ದೋಣಿಯ ಪಕ್ಕದಲ್ಲೇ ಉಸಿರು ಬಿಟ್ಟಿತು. ಲಾರಿ ಬ್ರೇಕಿನ ಗಾಳಿ ಬಿಟ್ಟಂಥ ಸದ್ದು, ಹಿಂದೆಯೇ ಕೊಳೆತ ಮೀನಿನ ವಾಸನೆಯ ಮಂಜು ಮುಖದ ಮೇಲೆಲ್ಲ. ಕನ್ನಡಕ ಒರೆಸಿ ನೋಡುವಷ್ಟರಲ್ಲಿ ಬೆನ್ನು ಮುಳುಗಿ ಬಾಲ ಮೇಲೆದ್ದಿತ್ತು. ಎಲ್ಲರಿಗೂ ಏಳುವ ಆಸೆ, ಒಬ್ಬರೂ ಏಳಲಿಲ್ಲ. ನಮ್ಮ ಕಬಿನಿಯಲ್ಲಾದರೋ ಚಿರತೆ ಕಂಡರೆ ಇಡೀ ದೋಣಿ ಒಂದು ಬದಿಗೆ ಬರುತ್ತದೆ. ಕೇರಳದ ತೇಕ್ಕಡಿಯ ಪೆರಿಯಾರ್ ಕೆರೆಯಲ್ಲಿ 2009ರ ಸೆಪ್ಟೆಂಬರ್ 30ರಂದು ದೋಣಿ ಮಗುಚಿ 45 ಜನ ಹೋದರು. ದಡದ ಪ್ರಾಣಿ ನೋಡಲು ಜನ ಒಂದೇ ಬದಿಗೆ ಸರಿದದ್ದೂ ಒಂದು ಕಾರಣ ಎಂದು ಆಗ ವರದಿಯಾಯಿತು. ಲೈಫ್ ಜಾಕೆಟ್ಟಿನ ಗುಂಡಿಯನ್ನು ಫೋಟೊ ಆದ ಮೇಲೆ ಬಿಚ್ಚುವವರಿಗೆ ನಾನು ಈ ಕಥೆಯನ್ನು ಹೇಳುತ್ತೇನೆ.

ಉತ್ತರ ಧ್ರುವದ ಕಡೆ ಹೊರಟವರಿಗೂ ಎರಡು ಮಾತು. ಬಿಳಿ ಕರಡಿ ಇರುವುದು ಅಲ್ಲಿ, ಪೆಂಗ್ವಿನ್ ಇರುವುದು ದಕ್ಷಿಣದಲ್ಲಿ. ಎರಡೂ ಒಟ್ಟಿಗಿರುವುದು ಜಾಹೀರಾತುಗಳಲ್ಲಿ ಮಾತ್ರ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2025ರಿಂದ ಕರಡಿಗೆ 300 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್. ಅಂದರೆ ಬರಿಗಣ್ಣಿಗೆ ಅದು ಹಳದಿ ಚುಕ್ಕೆ. ಇಷ್ಟು ದುಡ್ಡು ಕೊಟ್ಟು ಚುಕ್ಕೆ ನೋಡಬೇಕಾ ಎಂದು ಅಲ್ಲಿ ಜಗಳ ತೆಗೆಯಬೇಡಿ. ಚುಕ್ಕೆ ಮಂಜುಗಡ್ಡೆಯ ಮೇಲೆ ಸೀಲ್‌ಗೆ ಹೊಂಚು ಹಾಕುತ್ತಿದ್ದರೆ ಅದನ್ನು ಅದರ ಪಾಡಿಗೆ ಬಿಟ್ಟು ಒಂದು ಗಂಟೆ ನೋಡಬಹುದು. ಹತ್ತಿರ ಹೋದರೆ ಓಡುವ ಕರಡಿಯ ಹಿಂಭಾಗ ಮಾತ್ರ ಕಾಣುತ್ತದೆ. ದೊಡ್ಡ ಕ್ಯಾಮೆರಾಗಿಂತ 8x42 ಅಳತೆಯ ದುರ್ಬೀನು ವಾಸಿ, ಗಂಡ ಹೆಂಡತಿಗೆ ಬೇರೆ ಬೇರೆ. ಒಂದನ್ನೇ ಹಂಚಿಕೊಂಡರೆ ತಿಮಿಂಗಿಲದ ಬಾಲ ಒಬ್ಬರಿಗೆ, ಜಗಳ ಇಬ್ಬರಿಗೂ. ಕ್ಯಾಮೆರಾ ಒಯ್ಯುವವರು ಬ್ಯಾಟರಿಯನ್ನು ಒಳಜೇಬಿನಲ್ಲಿಡಿ, ಚಳಿಗೆ ಬೇಗ ಸಾಯುತ್ತದೆ. ಬೆಚ್ಚಗಿನ ಕೋಣೆಗೆ ಬರುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಇಲ್ಲದಿದ್ದರೆ ಲೆನ್ಸಿನ ಒಳಗೆ ಬೆವರುತ್ತದೆ.

ಭಾರತದ ಸಂಶೋಧನಾ ಸ್ಟೇಷನ್ ನೋಡಿದಿರಾ ಎಂದು ಕೇಳುವವರೂ ಇದ್ದಾರೆ. 1989ರ ಮೈತ್ರಿ, 2012ರ ಭಾರತಿ ಎರಡೂ ಅಂಟಾರ್ಕ್ಟಿಕದ ಬೇರೆಯೇ ಬದಿಯಲ್ಲಿವೆ. ಉಶುವಾಯದ ಹಡಗುಗಳು ಆ ಕಡೆ ಹೋಗುವುದಿಲ್ಲ. ಉತ್ತರದಲ್ಲಿ 2008ರಲ್ಲಿ ತೆರೆದ ಹಿಮಾದ್ರಿ ಮಾತ್ರ ಸ್ವಾಲ್ಬಾರ್ಡ್‌ನ ನೀ ಆಲೆಸುಂಡ್ ಎಂಬ ಪುಟ್ಟ ಊರಿನಲ್ಲಿದೆ. ಕೆಲವು ಹಡಗುಗಳು ಅಲ್ಲಿ ನಿಲ್ಲುತ್ತವೆ.

ದುಡ್ಡಿನ ವಿಷಯ. ತಂಬಾಕಿನ ಹರಾಜಿನಲ್ಲಿ ಒಂದು ವರ್ಷ ಒಳ್ಳೆಯ ರೇಟು ಸಿಕ್ಕಿತೆಂದು ಹೋಗುವ ಪ್ರವಾಸ ಇದಲ್ಲ, ಸಾಲ ಮಾಡಿಯಂತೂ ಬೇಡವೇ ಬೇಡ. ಶೀತದೇಶದ ಪ್ರಾಣಿ ನೋಡಲೇಬೇಕೆಂದರೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಹೋಗಿ. ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಅವೇ ನಮ್ಮ ಹತ್ತಿರ ಬಂದಿರುತ್ತವೆ, ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿಸಿಕೊಂಡವೂ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅಲ್ಲೂ ಅದೇ ನಿಯಮ. ಕೊಬ್ಬು ಕೂಡಿಸಿಕೊಂಡು ವಾಪಸ್ ಹಾರಬೇಕಾದ ಹಕ್ಕಿಯನ್ನು ಫೋಟೊಗಾಗಿ ಎಬ್ಬಿಸಿದರೆ ಅದರ ಬುತ್ತಿಗೆ ಕೈ ಹಾಕಿದಂತೆ.

ಹೊರಟೇ ಹೊರಡುವವರು ದುಡ್ಡು ಕಟ್ಟುವ ಮೊದಲು ಏಜೆಂಟರನ್ನು ಇಷ್ಟು ಕೇಳಿ: ಹಡಗಿನಲ್ಲಿ ಎಷ್ಟು ಜನ, ದಡಕ್ಕೆ ಇಳಿಸುತ್ತೀರಾ ಅಥವಾ ಡೆಕ್ಕಿನಿಂದ ತೋರಿಸಿ ಕರೆತರುತ್ತೀರಾ. ಇನ್ನೂರು ಜನಕ್ಕಿಂತ ಕಮ್ಮಿ ಇರುವ ಹಡಗಾದರೆ ಸರದಿಗೆ ಕಾಯುವುದು ಕಡಿಮೆಯಾಗುತ್ತದೆ. ಅಲ್ಲಿ ಆಸ್ಪತ್ರೆ ಇಲ್ಲ, ಕಾಯಿಲೆಯಾದರೆ ಎತ್ತಿಕೊಂಡು ಬರುವ ಖರ್ಚು ಕೊಡುವ ವಿಮೆ ಇರಲೇಬೇಕು, ಹಳೆಯ ಕಾಯಿಲೆಗಳನ್ನು ಅದರಲ್ಲಿ ಮುಚ್ಚಿಡದೆ ಬರೆಸಿ. ಅಂಟಾರ್ಕ್ಟಿಕಕ್ಕೆ ವೀಸಾ ಇಲ್ಲ, ದಾರಿಯ ದೇಶಗಳದ್ದನ್ನು ನೋಡಿಕೊಳ್ಳಿ. ಕಾಗದದಲ್ಲಿ ಬರೆದ ಜಾಗಕ್ಕೇ ಹಡಗು ಹೋಗುತ್ತದೆಂಬ ಭರವಸೆ ಯಾರೂ ಕೊಡಲಾರರು. ಗಾಳಿಯೋ ಮಂಜುಗಡ್ಡೆಯೋ ಅಡ್ಡ ಬಂದರೆ ಕ್ಯಾಪ್ಟನ್ ತಿರುಗಿಸುತ್ತಾನೆ, ಅವನ ಮಾತೇ ಕೊನೆ.

ನನ್ನ ಹತ್ತಿರ ಎರಡು ದುರ್ಬೀನುಗಳಿವೆ. ಬೇಕಾದವರು ಗಾವಡಗೆರೆಗೆ ಹೇಳಿ ಕಳಿಸಿ, ಬಾಡಿಗೆಯಿಲ್ಲ. ಒಂದೇ ಷರತ್ತು: ಹೊರಡುವ ಮುಂಚೆ ಚಳಿಗಾಲದ ಒಂದು ಬೆಳಗ್ಗೆ ನನ್ನ ಜೊತೆ ಕಬಿನಿ ದೋಣಿಗೆ ಬರಬೇಕು, ಫೋನು ದಡದಲ್ಲೇ ಇಟ್ಟು.

ಇಂತಿ ನಿಮ್ಮವ,
ಒಬ್ಬ ನಿವೃತ್ತ ಪಶುವೈದ್ಯ
ಗಾವಡಗೆರೆ, ಹುಣಸೂರು ತಾಲ್ಲೂಕು